ಲೋಟದ ಸದ್ದೊಂದು ಬಿಟ್ಟು

ಇಯರ್‌ಫೋನ್ ಕೊಳ್ಳಲು ಹೋಗುವಾಗ ವ್ಯಾನಿಟಿ ಬ್ಯಾಗಿನಲ್ಲಿ ಹಿತ್ತಾಳೆ ಲೋಟ ಇಟ್ಟುಕೊಂಡು ಹೋದವಳು ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ನಗುವುದಾದರೆ ಈಗಲೇ ನಕ್ಕುಬಿಡಿ. ಆಮೇಲೆ ನನ್ನ ಕಷ್ಟ ಕೇಳಿ.

ನಾನು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ದಿನಾ ಬಸ್ಸಿನಲ್ಲಿ ಓಡಾಡುವ ಗುಮಾಸ್ತೆ. ನನಗೆ ಕೊಳಲು ಕೇಳುವ ಹುಚ್ಚು. ಆ ಬಸ್ಸಿನಲ್ಲಿ ಕೊಳಲು ಕೇಳುವುದೆಂದರೆ ಸಂತೆಯಲ್ಲಿ ನಿಂತು ಗುಟ್ಟು ಹೇಳಿದ ಹಾಗೆ. ಕಿಟಕಿ ಗಾಜಿನ ಗಡಗಡ, ಕಂಡಕ್ಟರ್ ಸೀಟಿ, ಡ್ರೈವರ್ ತಲೆಯ ಮೇಲಿನ ಸ್ಪೀಕರಿನಲ್ಲಿ ಕುಣಿತದ ಹಾಡು, ಹಿಂದಿನ ಸೀಟಿನವರ ಮೊಬೈಲಿನಲ್ಲಿ ಯಾರೋ ಯಾರನ್ನೋ ಬೈಯುವ ವಿಡಿಯೊ. ಹಳೆಯ ಇಯರ್‌ಫೋನಿನಲ್ಲಿ ಎಷ್ಟು ಜೋರು ಮಾಡಿದರೂ ಕೊಳಲು ತೆರಕಣಾಂಬಿ ಹತ್ತಿರ ಒಮ್ಮೆ ಕೇಳಿಸಿದಂತಾಗಿ ಮತ್ತೆ ಮಾಯ. ಹೊರಗಿನ ಸದ್ದನ್ನು ಒಳಗೇ ಬಿಡದ ಇಯರ್‌ಫೋನುಗಳೂ ಇವೆ, ಅವುಗಳ ರಬ್ಬರ್ ತುದಿ ಸೀಸೆಗೆ ಬಿರಡೆ ಕೂತ ಹಾಗೆ ಕಿವಿಯಲ್ಲಿ ಕೂರುತ್ತದೆ ಅಂತ ಆಫೀಸಿನಲ್ಲಿ ಯಾರೋ ಹೇಳಿದರು. ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಸಾವಿರ ರೂಪಾಯಿಯೊಳಗೆ ಸಿಗಬೇಕು, ಬಸ್ಸಿಗೂ ಮನೆಗೂ ಒಂದೇ ಆಗಬೇಕು. ಯೂಟ್ಯೂಬಿನ ಪಂಡಿತರನ್ನು ಕೇಳಿದರೆ ಎಲ್ಲರೂ ಆ ಧಮ್ ಧಮ್ ಸದ್ದಿನ ‘ಬೇಸು, ಬೇಸು’ ಅಂತ ಎದೆ ಬಡಿದುಕೊಳ್ಳುತ್ತಾರೆ. ಅಯ್ಯೋ, ಕೊಳಲಿಗೆ ಯಾಕ್ರಪ್ಪಾ ಅಷ್ಟೊಂದು ಬೇಸು?

ಆದರೆ ನನ್ನ ಭಯ ಬೇಸಿನದೂ ಅಲ್ಲ, ದುಡ್ಡಿನದೂ ಅಲ್ಲ. ನಮ್ಮತ್ತೆಯದು.

ಅತ್ತೆ ಹರದನಹಳ್ಳಿಯವರು. ಹೆಣ್ಣುಮಕ್ಕಳು ಮನೆಯೊಳಗೆ ಗಂಟಲು ತೆಗೆಯಬಾರದು ಅಂತ ಅವರತ್ತೆ ಹೇಳಿಕೊಟ್ಟಿದ್ದನ್ನು ಎಪ್ಪತ್ತು ದಾಟಿದರೂ ಪಾಲಿಸುತ್ತಿದ್ದಾರೆ. ಹೋದ ವರ್ಷ ತಲೆ ತಿರುಗಿ ಬಚ್ಚಲಲ್ಲಿ ಬಿದ್ದಾಗಲೂ ಕೂಗಲಿಲ್ಲ. ‘ಇಲ್ಲಿ ಬಾ ಕಣಮ್ಮಿ’ ಅಂತ ಮೆಲ್ಲಗೆ ಕರೆಯುತ್ತಿದ್ದರಂತೆ. ನಾನು ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿಸುತ್ತಿದ್ದೆ. ಎಷ್ಟು ಹೊತ್ತು ಬಿದ್ದಿದ್ದರು ಅಂದರೆ, ಚಟ್ನಿ ನುಣ್ಣಗಾಗುವಷ್ಟು ಹೊತ್ತು. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ಆದರೆ ಅಂದಿನಿಂದ ನನಗೆ ನುಣ್ಣನೆಯ ಚಟ್ನಿ ಗಂಟಲಲ್ಲಿ ಇಳಿಯುವುದಿಲ್ಲ.

ಆಮೇಲೆ ಅತ್ತೆಯ ಪಕ್ಕದಲ್ಲಿ ಒಂದು ಹಿತ್ತಾಳೆ ಲೋಟ ಇಟ್ಟೆವು. ಬೇಕಾದಾಗ ನೆಲಕ್ಕೆ ಟಣ್ ಅನ್ನಿಸುತ್ತಾರೆ. ಹಗಲು ಪಕ್ಕದ ಮನೆಯ ಮಾದೇವಮ್ಮ ಆ ಟಣ್‌ಗೆ ಓಡಿ ಬರುತ್ತಾರೆ. ಸಂಜೆ, ರಜಾದಿನ ನನ್ನ ಪಾಳಿ. ಹಾಗಾಗಿ ಬಸ್ಸಿನಲ್ಲಿ ನಾನು ಕಿವಿ ಮುಚ್ಚಿಕೊಂಡರೆ ಅಪಾಯವಿಲ್ಲ, ಮಾದೇವಮ್ಮ ಫೋನ್ ಮಾಡಿದರೆ ನೇರ ಕಿವಿಯಲ್ಲೇ ರಿಂಗಾಗುತ್ತದೆ. ಅಪಾಯ ಇರುವುದು ಮನೆಯಲ್ಲೇ.

ಕಣ್ಣಿಗೆ ರೆಪ್ಪೆ, ಬಾಯಿಗೆ ತುಟಿ ಕೊಟ್ಟ ದೇವರು ಕಿವಿಯನ್ನು ಮಾತ್ರ ಬಾಗಿಲಿಲ್ಲದೆ ಕಳಿಸಿದ್ದಾನೆ, ನೋಡಿ. ನಮ್ಮ ಹಿರಿಯರೂ ಓಲೆ, ಬುಗುಡಿ, ಲೋಲಾಕು ಅಂತ ಕಿವಿಯ ಹೊರಗೆಲ್ಲ ತೂಗುಹಾಕಿದರೇ ಹೊರತು ಒಳಗೆ ಏನನ್ನೂ ತುರುಕಲಿಲ್ಲ. ಬಾಣಂತಿಯ ಕಿವಿಗೆ ಹತ್ತಿ ಇಡುತ್ತಿದ್ದರು, ನಿಜ. ಅದು ಶೀತ ಹೊಗದಿರಲಿ ಅಂತ, ಮಗು ಅತ್ತದ್ದು ಕೇಳದಿರಲಿ ಅಂತಲ್ಲ. ಹೀಗೆಲ್ಲ ಯೋಚಿಸಿ ಯೋಚಿಸಿ, ಒಂದು ದಿನ ಧೈರ್ಯ ಮಾಡಿ ಲೋಟ ಬ್ಯಾಗಿಗೆ ಹಾಕಿಕೊಂಡೆ. ಅತ್ತೆಗೆ ಅವತ್ತು ಸ್ಟೀಲ್ ಲೋಟ ಕೊಟ್ಟಿದ್ದೆ.

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿಯೊಂದಿದೆ. ಅಂಗಡಿಯವರು ಕೇರಳದ ಕಡೆಯವರು, ಅಕ್ಕ ಅನ್ನುವುದಕ್ಕೆ ಚೇಚಿ ಅನ್ನುತ್ತಾರೆ. ಒಂದು ಡಬ್ಬಿ ತೆಗೆದು, "ಚೇಚೀ, ಇದು ಹಾಕಿದ್ರೆ ಮನೆಗೆ ಬೆಂಕಿ ಬಿದ್ರೂ ಗೊತ್ತಾಗಲ್ಲ" ಅಂತ ಹೊಗಳಿದರು. ಅದನ್ನು ಕಿವಿಗಿಟ್ಟು ಕೊಳಲು ಹಾಕಿಕೊಂಡು, ಲೋಟ ಅವರ ಕೈಗೆ ಕೊಟ್ಟು, ಹತ್ತು ಹೆಜ್ಜೆ ದೂರ ಹೋಗಿ ಬಡಿಯಿರಿ ಅಂದೆ. ಪಾಪ, ಮನುಷ್ಯ ರಸ್ತೆ ಬದಿಯ ಚೆಂಡು ಹೂವಿನ ಮೂಟೆಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಬಡಿದರು. ಕೈ ಆಡುವುದು ಕಾಣುತ್ತದೆ, ಸದ್ದು ಮಾತ್ರ ಇಲ್ಲ! ಅಷ್ಟರಲ್ಲಿ ಅವರ ಹಿಂದೆ ಅಜ್ಜಿಯೊಂದು ಬಂದು ಸಾಲಿನಲ್ಲಿ ನಿಂತ ಹಾಗೆ ನಿಂತಿತು. ನಾನು ಇಯರ್‌ಫೋನ್ ಕಿತ್ತೆ.

"ಎಲ್ಲಮ್ಮಿ ಕೊಡ್ತಾವ್ರೆ ಮಜ್ಗೆ?" ಅಂತು ಅಜ್ಜಿ.

ನಾಚಿಕೆಯಲ್ಲೇ ಅಂಗಡಿಯವರಿಗೆ ಹೇಳಿದೆ. "ಮಿಕ್ಕಿದ್ದೆಲ್ಲ ಕೇಳಬಾರದು, ಈ ಲೋಟ ಒಂದು ಕೇಳಬೇಕು. ಅಂಥದ್ದು ಕೊಡಿ."

ಅವರು ನಗಲಿಲ್ಲ. "ಅಂಥದ್ದು ಇನ್ನೂ ಬಂದಿಲ್ಲ ಚೇಚೀ. ಬಂದ್ರೆ ಮೊದಲು ನಾನೇ ತಗೋತೀನಿ. ನನಗೂ ಅಮ್ಮ ಇದ್ದಾರೆ" ಅಂದರು. ಆ ಮಾತಿಗೇ ಸೋತು ಅದನ್ನೇ ಕೊಂಡೆ. ವೈರ್ ಇರುವುದು. ವೈರ್ ಇಲ್ಲದ್ದು ಬಸ್ಸಿನಲ್ಲಿ ಬಿದ್ದರೆ ಹುಡುಕುವವರು ಯಾರು? ಮೂರು ಅಳತೆಯ ರಬ್ಬರ್ ಕೊಟ್ಟಿದ್ದರು. ಎಡಕ್ಕೆ ನಡುವಿನದು, ಬಲಕ್ಕೆ ಚಿಕ್ಕದು ಕೂತಿತು. ಇಷ್ಟು ವರ್ಷ ನನ್ನ ಎರಡು ಕಿವಿ ಒಂದೇ ಅಳತೆ ಅಂತ ನಂಬಿದ್ದೆ.

ಬಸ್ಸಿನಲ್ಲಿ ಸ್ವರ್ಗ. ಮನೆಯಲ್ಲಿ ಒಂದೇ ಕಿವಿಗೆ ಇಟ್ಟುಕೊಂಡೆ, ಇನ್ನೊಂದು ಅತ್ತೆಯ ಕಾವಲಿಗೆ. ಆದರೆ ಕೊಳಲಿನ ಪ್ರತಿ ಮೇಲಿನ ಸ್ವರವೂ ಲೋಟದ ಹಾಗೇ ಕೇಳಿಸುತ್ತಿತ್ತು. ಐದು ನಿಮಿಷಕ್ಕೊಮ್ಮೆ ಓಡುವುದು. "ಕರೆದ್ರಾ ಅತ್ತೆ?" "ಕರೀನಿಲ್ಲ ಕಣಮ್ಮಿ." ನಾಲ್ಕನೇ ಸಲಕ್ಕೆ ಅವರಿಗೆ ರೇಗಿತು. "ನೀ ಇಂಗ್ ಬಂದ್ ಬಂದ್ ನೋಡ್ತಿದ್ರೆ ನಂಗೆ ಬೀಳಕ್ಕೂ ಭಯ ಆಯ್ತದೆ, ಓಗು ಅತ್ಲಾಗೆ!"

ಕಳೆದ ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕಿ ಬಾಗಿಲಲ್ಲಿ ನಿಂತು, "ಅತ್ತೆ, ಕಾಫಿ ಬೇಕಾ?" ಅಂದೆ. ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. ಇಲ್ಲ. ಒಳಗೆ ಓಡಿದರೆ, ಅತ್ತೆ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದ್ದಾರೆ. ಎರಡು ಕಿವಿಯಲ್ಲೂ ನನ್ನ ಇಯರ್‌ಫೋನ್. ವೈರಿನ ತುದಿ ಮಡಿಲಲ್ಲಿ ಸುಮ್ಮನೆ ಬಿದ್ದಿದೆ, ಫೋನ್ ನನ್ನ ಸೊಂಟದಲ್ಲಿದೆ. ಸೆರಗು ಉಸಿರಿಗೆ ಏರಿಳಿಯುವುದು ಕಂಡ ಮೇಲೆ ನನಗೆ ಜೀವ ಬಂತು. ಮುಟ್ಟಿ ಎಬ್ಬಿಸಲು ಮನಸ್ಸಾಗಲಿಲ್ಲ. ಏನು ತೋಚಿತೋ, ಪಕ್ಕದ ಲೋಟ ತೆಗೆದು ನೆಲಕ್ಕೆ ಟಣ್ ಅನ್ನಿಸಿದೆ.

ತಟ್ಟನೆ ಕಣ್ಣು ಬಿಟ್ಟರು. "ಏನಮ್ಮಿ ಬೇಕಿತ್ತು?"

"ಏನೂ ಹಾಡೇ ಇಲ್ವಲ್ಲ ಅತ್ತೆ, ಏನು ಕೇಳ್ತಿದ್ರಿ?"

"ಏನೂ ಕೇಳ್ನಿಲ್ಲ. ಅದೇ ಎಷ್ಟು ಚೆಂದಾಗದೆ ಅಂತೀಯ" ಅಂದರು. "ಐವತ್ತು ವರ್ಸದಿಂದ ಕಿವಿ ಕೊಟ್ಕಂಡೇ ಕುಂತಿವ್ನಿ ಕಣಮ್ಮಿ. ಮಗ ಅತ್ತನಾ, ನಿಮ್ಮಾವ ಕೆಮ್ಮುದ್ರಾ, ಈಗ ಸಂಜೆ ಆದ್ರೆ ನೀ ಬಂದು ಗೇಟ್ ತೆಗುದ್ಯಾ ಅಂತ. ಒಂದ್ ಗಳಿಗೆ ಬುಟ್ಬುಡವ ಅನ್ನುಸ್ತು."

ನನ್ನ ಗೇಟಿನ ಸದ್ದಿಗೆ ಒಬ್ಬರು ದಿನವೂ ಕಿವಿ ತೆರೆದು ಕೂತಿರುತ್ತಾರೆ ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ಈಗ ಭಾನುವಾರ ಅರ್ಧ ಗಂಟೆ ಇಯರ್‌ಫೋನ್ ಅವರದು. ಅಷ್ಟು ಹೊತ್ತು ಲೋಟ ನನ್ನ ಕೈಯಲ್ಲಿರುತ್ತದೆ.