ಮಾಳಪ್ಪ ಹೇಳಿದ ಹೊತ್ತು

ಶಲವಡಿಯಲ್ಲಿ ಕುರಿ ಕಾಯ್ದು ಬೆಳೆದ ಮಾಳಪ್ಪ, ಸೂರ್ಯನಿಂದ ಬರುವ ರೇಡಿಯೋ ಅಲೆಗಳನ್ನು ಅಭ್ಯಾಸ ಮಾಡುವ ವಿಜ್ಞಾನಿಯಾದ. ಎಂಬತ್ತನೇ ಇಸವಿಯ ಸೂರ್ಯಗ್ರಹಣಕ್ಕೆ ತನ್ನ ಮನೆ ಮುಂದಿನ ಬಯಲಿನಲ್ಲೇ ಆಂಟೆನಾ ನಿಲ್ಲಿಸಿದ. ಗ್ರಹಣವೆಂದರೆ ಬರೀ ಚಂದ್ರನ ನೆರಳು, ಹೊರಗೆ ಬನ್ನಿರಿ ಎಂದು ದಿನಾ ಸಂಜೆ ಚಾವಡಿಯಲ್ಲಿ ಗಂಟಲು ಹರಿದುಕೊಂಡ. ಎಲ್ಲರೂ ತಲೆಯಾಡಿಸಿ, ಹೊತ್ತು ಯಾವುದೆಂದು ಮತ್ತೆ ಮತ್ತೆ ಕೇಳಿಕೊಂಡರು. ಮಾಳಪ್ಪ ಉಬ್ಬಿಹೋದ.

ಗ್ರಹಣದ ಬೆಳಿಗ್ಗೆ ಡಂಗುರ ಕೇಳಿಸಿತು: "ನಮ್ಮ ಮಾಳಪ್ಪ ಪಕ್ಕಾ ಹೊತ್ತು ಹೇಳ್ಯಾನ್ರಿ! ಎರಡು ಹೊಡದ ಕೂಡ್ಲೆ ಎಲ್ಲಾರೂ ಬಾಗಲಾ ಹಾಕ್ಕೋರಿ!"

"ನಾ ಹೇಳಿದ್ದು ನೋಡಾಕಲೇ, ಅಡಗಿ ಕುಂದ್ರಾಕಲ್ಲ!" ಮಾಳಪ್ಪ ಓಣಿ ತುಂಬ ಕೂಗಾಡಿದ.

ಎರಡು ಹೊಡೆಯುವಷ್ಟರಲ್ಲಿ ಓಣಿ ಬಿಕೋ ಎನ್ನುತ್ತಿತ್ತು. ಆಂಟೆನಾದ ಬಳಿ ಅವನೊಬ್ಬನೇ ಕುದಿಯುತ್ತ ನಿಂತ. ಆಗ ಅವನದೇ ಮನೆಯ ಬಾಗಿಲು ತೆರೆಯಿತು. ಅವ್ವನಾದರೂ ಬಂದಳಲ್ಲ ಎಂದುಕೊಂಡ.

ಅವ್ವ ದುರ್ಗವ್ವ ಬಾಗಿಲ ಸಂದಿಯಿಂದಲೇ ಬೈದಳು: "ಒಳಗ ಬಾರಲೇ ಮಾಳ್ಯಾ, ನೀನ ಹೇಳಿದ ಹೊತ್ತಾತು!"