ಅಪ್ಪ ಕೈ ಎತ್ತಿದ ದಿನ

ನಾನು ಚಿಕ್ಕವನಿದ್ದಾಗ, ಅಮ್ಮನಿಗೂ ಅಜ್ಜಿಗೂ ಮಾತು ಜೋರಾದರೆ ಸಾಕು, ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, "ನಾನು ಸ್ವಿಟ್ಜರ್ಲೆಂಡು ಕಣಮ್ಮ, ನನ್ನನ್ನ ಎಳೀಬೇಡಿ" ಅನ್ನುತ್ತಿದ್ದರು. ಅವರು ಮೈಸೂರಿನಲ್ಲಿ ಚರಿತ್ರೆ ಪಾಠ ಹೇಳುವ ಮೇಷ್ಟ್ರು. ಎರಡು ಮಹಾಯುದ್ಧಗಳಲ್ಲೂ ಯಾರ ಕಡೆಗೂ ಸೇರದೆ ತಟಸ್ಥವಾಗಿ ನಿಂತ ಆ ಪುಟ್ಟ ಬೆಟ್ಟದ ದೇಶವೆಂದರೆ ಅವರಿಗೆ ಪ್ರಾಣ.

ಅಂದು ಅಕ್ಕ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಅಮ್ಮ ಶಾವಿಗೆ ಪಾಯಸ ಮಾಡಿದ್ದಳು. ತುಪ್ಪದಲ್ಲಿ ಹುರಿದ ಗೋಡಂಬಿಯ ಘಮ ಬೀದಿಯವರೆಗೂ ಹೋಗಿತ್ತು. ಆದರೆ ಅಕ್ಕನ ಮುಖದಲ್ಲಿ ಕಳೆಯೇ ಇಲ್ಲ. ಅವಳಿಗೆ ಕಾಲೇಜು ಸೇರುವ ಆಸೆ. ಅಜ್ಜಿಯೋ, ಭಾನುವಾರ ಹುಡುಗಿ ನೋಡಲು ಬನ್ನಿ ಎಂದು ಇಲವಾಲದ ಗಂಡಿನವರಿಗೆ ಹೇಳಿ ಕಳಿಸಿಬಿಟ್ಟಿದ್ದಳು!

ಊಟಕ್ಕೆ ಕೂತಾಗ ಶುರುವಾಯಿತು. "ಓದಿದ್ದು ಸಾಕು ಬುಡು" ಎಂದಳು ಅಜ್ಜಿ. "ಇನ್ನೊಂದಿಷ್ಟು ಓದ್ಲಿ ಬುಡಿ ಅತ್ತೆ" ಎಂದಳು ಅಮ್ಮ. ಅಪ್ಪ ಮಾತು ತಪ್ಪಿಸಲು ತಮ್ಮ ಸ್ವಿಟ್ಜರ್ಲೆಂಡಿಗೆ ಹೊರಟರು. ಅಲ್ಲಿ ರಾಜನೇ ಇಲ್ಲವಂತೆ, ಏಳು ಜನ ಸೇರಿ ಆಳುತ್ತಾರಂತೆ. ಕೆಲವು ಕಡೆ ಜನರೆಲ್ಲ ಬಯಲಿನಲ್ಲಿ ನಿಂತು, ಕೈ ಎತ್ತಿಯೇ ತೀರ್ಮಾನ ಮಾಡುತ್ತಾರಂತೆ.

"ಹೆಂಗಸ್ರೂ ಎತ್ತುತ್ತಾರಾ?" ಎಂದಳು ಅಜ್ಜಿ.

"ಇಲ್ಲಮ್ಮ, ಅಲ್ಲಿ ಹೆಂಗಸರಿಗೆ ಇನ್ನೂ ವೋಟಿಲ್ಲ."

ರೇಷ್ಮೆ ಸೀರೆ ಉಟ್ಟು ಹೋಗಿ ವೋಟು ಹಾಕಿ ಬಂದಿದ್ದ ಅಜ್ಜಿ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯೋ ಶಿವನೇ! ಅದೂ ಒಂದು ದೇಶವಾ?"

ಅಕ್ಕ ಅಷ್ಟನ್ನೇ ಕಾಯುತ್ತಿದ್ದಳೇನೋ. "ಹಾಗಾದ್ರೆ ನಮ್ಮನೇಲಿ ಎಲ್ರೂ ಎತ್ತೋಣ ಅಜ್ಜಿ. ನಾನು ಕಾಲೇಜಿಗೆ ಹೋಗ್ಬೇಕು ಅನ್ನೋರು ಕೈ ಎತ್ತಿ."

ಅಮ್ಮ ಸೌಟಿನ ಸಮೇತ ಕೈ ಎತ್ತಿದಳು. ನಾನೂ ಎತ್ತಿದೆ. ಅಜ್ಜಿ ಅಲ್ಲಾಡಲಿಲ್ಲ. ಅಪ್ಪ ಒಪ್ಪದೆ ನಮ್ಮ ಮನೆಯಲ್ಲಿ ಏನೂ ನಡೆಯುವಂತಿರಲಿಲ್ಲ. ಅವರು ಎಲೆ ನೋಡುತ್ತಲೇ "ನಾನು ತಟಸ್ಥ" ಎಂದರು.

ಅಕ್ಕನ ಕಣ್ಣು ತುಂಬಿತು. "ಅಕ್ಕಪಕ್ಕದ ದೇಶದವರ ಜಗಳಕ್ಕೆ ತಾನೇ ಅಪ್ಪ, ಸ್ವಿಟ್ಜರ್ಲೆಂಡಿನೋರು ತಟಸ್ಥರು? ತಮ್ಮನೆ ಮಾತಿಗೂ ಸುಮ್ನೆ ಕೂತಿರ್ತಾರಾ?"

ಅಪ್ಪ ಎಲೆಯಿಂದ ತಲೆ ಎತ್ತಿದರು. ಹೆತ್ತ ತಾಯಿಯ ಎದುರಿಗೆ, ಅವರ ಬಲಗೈ ಮೆಲ್ಲಗೆ ಮೇಲೆದ್ದಿತು. ಪಾಯಸ ಮೊಣಕೈವರೆಗೂ ಇಳಿಯುತ್ತಿತ್ತು.

ಅಜ್ಜಿ ಮಗನನ್ನೇ ದಿಟ್ಟಿಸಿದಳು. "ಎಂಜಲು ಕೈ ಇಳಿಸೋ, ಗೊತ್ತಾಯ್ತು. ಇಲವಾಲದೋರಿಗೆ ಬರಬೇಡಿ ಅಂತ ಹೇಳಿ ಕಳಿಸು." ಅಕ್ಕ ಓಡಿಹೋಗಿ ನೀರು ತಂದು, ಅಪ್ಪನ ಕೈಯನ್ನು ತಾನೇ ತೊಳೆದು, ದಾವಣಿಯ ಸೆರಗಿನಲ್ಲಿ ಒರೆಸಿದಳು. ಇಬ್ಬರೂ ಅಳುತ್ತಿದ್ದರು.

ಮಕ್ಕಳೇ, ಆಮೇಲೆ ಆ ದೇಶದ ಹೆಂಗಸರಿಗೂ ವೋಟು ಬಂತು. ನೀವೀಗ ಯಾವ ಕಾಲೇಜು, ಯಾವ ಊರು ಎಂದು ಮೊಬೈಲಿನಲ್ಲಿ ಹುಡುಕುತ್ತೀರಿ. ಓದಬೇಕೋ ಬೇಡವೋ ಎಂಬ ಮಾತೇ ನಿಮ್ಮ ಮನೆಯಲ್ಲಿ ಏಳುವುದಿಲ್ಲ. ನನಗೆ ಅದೇ ದೊಡ್ಡ ಸಂತೋಷ. ಆದರೂ ತನಗಾಗಿ ಎದ್ದ ಕೈಯನ್ನು ತೊಳೆಯುವ ಸುಖ ನಿಮಗೆ ಗೊತ್ತಿಲ್ಲವಲ್ಲ ಎಂದು ಒಮ್ಮೊಮ್ಮೆ ಅಯ್ಯೋ ಪಾಪ ಅನ್ನಿಸುತ್ತದೆ.