ಕಮಾನಿನ ಮೇಲಿನ ರೊಟ್ಟಿಗಳು

ಕಲಬುರಗಿಯ ರೋಜಾದ ಓಣಿಯಲ್ಲಿದ್ದ ನನ್ನ ತವರುಮನೆಯ ಒಂದು ಕೋಣೆ ಗುಮ್ಮಟವಾಗಿತ್ತು. ಯಾವ ಕಾಲದ್ದೋ, ಯಾರು ಕಟ್ಟಿಸಿದ್ದೋ ಯಾರಿಗೂ ಗೊತ್ತಿರಲಿಲ್ಲ. ಒಳಗೆ ಗೋರಿಯೂ ಇರಲಿಲ್ಲ. ನಮ್ಮ ಹಿರಿಯರು ಅದಕ್ಕೆ ಆತುಕೊಂಡು ಎರಡು ಖೋಲಿ, ಒಂದು ಅಡುಗೆಮನೆ, ಮುಂದೊಂದು ಹೂವಿನ ಅಂಗಡಿ ಕಟ್ಟಿಕೊಂಡಿದ್ದರು. ಕಲಬುರಗಿಯಲ್ಲಿ ದೊಡ್ಡ ಗುಮ್ಮಟಗಳಿಗೇನು ಬರವೇ? ಅವುಗಳ ಸುತ್ತ ಬೇಲಿಯಿದೆ, ಮುಂದೆ ಬೋರ್ಡಿದೆ, ಫೋಟೊ ತೆಗೆಯುವವರಿದ್ದಾರೆ. ನಮ್ಮದರೊಳಗೆ ಜೋಳದ ಡಬ್ಬಿ, ಹಾಸಿಗೆಯ ಗಂಟು, ಅಮ್ಮಿಯ ಹೊಲಿಗೆ ಯಂತ್ರ. ನಾನು ಹುಟ್ಟಿದ್ದೂ ಅದರ ಕೆಳಗೇ.

ಒಳಗಿನ ಒಂದು ಗೋಡೆಯಲ್ಲಿ ದೊಡ್ಡ ಕಮಾನು. ಕಮಾನಿನ ಎಡಕ್ಕೂ ಬಲಕ್ಕೂ ಗುಂಡಗೆ ಒಂದೊಂದು ಉಬ್ಬು. ಅವಕ್ಕೆ ನಾವು ಮಕ್ಕಳು ರೊಟ್ಟಿ ಎನ್ನುತ್ತಿದ್ದೆವು. ಅಡುಗೆ ತಡವಾದ ದಿನ ಬೆರಳು ತೋರಿಸಿ, ಇದು ನಂದು ಅದು ನಿಂದು ಎಂದು ತಮ್ಮನ ಜೊತೆ ಹೊಡೆದಾಡಿದ್ದೂ ಉಂಟು. ದೊಡ್ಡದು ಯಾವಾಗಲೂ ನನ್ನದೇ.

ದರ್ಗಾದ ಉರುಸಿಗೆ ನಮ್ಮ ಮನೆಗೆ ನೆಂಟರು, ನೆಂಟರ ನೆಂಟರು, ಅವರ ಪಕ್ಕದ ಮನೆಯವರು ಎಲ್ಲ ಬಂದಿಳಿಯುತ್ತಿದ್ದರು. ಅವರು ಬರುವ ಮೊದಲು ಗುಮ್ಮಟಕ್ಕೆ ಸುಣ್ಣ ಆಗಲೇಬೇಕು. ನಮಗೆ ಹೊಸ ಬಟ್ಟೆ ಇಲ್ಲದಿದ್ದರೂ ನಡೆಯುತ್ತಿತ್ತು, ಗೋಡೆಗೆ ಸುಣ್ಣ ತಪ್ಪುವಂತಿರಲಿಲ್ಲ. ಹಳೆಯ ಸುಣ್ಣ ಹೊಪ್ಪಳೆ ಎದ್ದ ಕಡೆ ಮೊದಲು ಗೋಡೆಗೆ ನೀರು ಕುಡಿಸಬೇಕು. ಮೆತ್ತಗಾದ ಮೇಲೆ ಕೆರೆದರೆ ಅದು ತಾನಾಗಿ ಬಿಡುತ್ತದೆ. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ರೊಟ್ಟಿ ಬಡಿಯುವುದರ ಜೊತೆಗೇ ಬರುವ ವಿದ್ಯೆ ಇದು.

ಓಣಿಯ ರಸ್ತೆ ಅಗಲ ಮಾಡುತ್ತಾರೆಂಬ ಸುದ್ದಿ ಬಂದಾಗ ಗೀಟು ಸೀದಾ ನಮ್ಮ ಗುಮ್ಮಟದ ಮೇಲೆ ಬಿತ್ತು. ಗುಮ್ಮಟ ಹೋದರೆ ಅದಕ್ಕೆ ಆತುಕೊಂಡ ಖೋಲಿಗಳೂ ಹೋಗುತ್ತವೆ. ಅಮ್ಮಿ, ತಮ್ಮ, ಅವನ ಹೆಂಡತಿ ಬೀದಿಗೆ. ತಮ್ಮ ಕಂಡವರ ಕೈಕಾಲು ಹಿಡಿದ. ಅಳತೆಗೆ ಬಂದ ಸಾಹೇಬರೊಬ್ಬರಿಗೆ ಮಾತ್ರ ಕನಿಕರ ಬಂತು.

"ಸುಣ್ಣ ಹಚ್ಚಿದ ಖೋಲಿ ನೋಡಿ ಹಳೇದು ಅಂತ ಹ್ಯಾಂಗ ಬರೀಲ್ರಿ? ಕೆತ್ತನಿ, ಬರಹ, ಏನರ ಇದ್ರ ತೋರಸ್ರಿ. ರಸ್ತಾ ಬಳಸಿ ಹೋಗ್ಲಿ ಅಂತ ಮ್ಯಾಲಿನವ್ರಿಗಿ ಬರೀತೀನಿ. ಶುಕ್ರವಾರ ಸಂಜಿಕ ಬರ್ತೀನಿ, ಕಡೀ ಸಲ," ಎಂದು ಹೇಳಿ ಹೋದರಂತೆ.

ನಾನು ಮದುವೆಯಾಗಿ ಬಂದದ್ದು ಕಮಲಾಪುರಕ್ಕೆ. ಶುಕ್ರವಾರ ಬೆಳಗ್ಗೆ ತಮ್ಮನ ಫೋನು ಬಂತು. ನಮ್ಮೊಳಗಿನ ಮಾತು ದಖನಿ ಉರ್ದು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. "ಆಪಾ, ಕಮಾನಿನ ಮ್ಯಾಲಿನ ರೊಟ್ಟಿ ನೆನಪವ ಏನು? ಕೋಟೆ ಕಡಿ ಗುಮ್ಮಟದಾಗ ಅದೇ ಜಾಗಾದಾಗ ಗಚ್ಚುಗಾರೀಲೆ ಮಾಡಿದ ಹೂ ಅವ. ನಮ್ಮವೂ ಹೂನೇ ಇರಬೇಕು. ಜಲ್ದಿ ಬಾ."

ಇವನ ತಲೆ ಓಡಲು ಕೊನೆಯ ದಿನವೇ ಬೇಕಾಗಿತ್ತು! ಬೈಯಬೇಕೆಂದುಕೊಂಡೆ, ಆದರೆ ನನ್ನ ತಲೆಯಾದರೂ ಎಲ್ಲಿ ಓಡಿತ್ತು? ಕೋಟೆ ಕಡೆಯ ಆ ಹೂಗಳನ್ನು ನಾನೂ ಎಷ್ಟೋ ಸಲ ನೋಡಿದವಳೇ. ಒಲೆ ಆರಿಸಿ ಓಡಿದೆ. ಬಸ್ಸು ಸಿಕ್ಕಸಿಕ್ಕಲ್ಲಿ ನಿಲ್ಲುತ್ತ ಹೋಯಿತು. ಡ್ರೈವರನ ಮೇಲೆ ಬಂದ ಸಿಟ್ಟನ್ನು ನುಂಗಿಕೊಂಡು ಕೂತೆ.

ನಾನು ಮುಟ್ಟುವಷ್ಟರಲ್ಲಿ ತಮ್ಮ ಜುಮ್ಮಾ ನಮಾಜು ಮುಗಿಸಿ ಬಂದು ಸ್ಟೂಲು ಹತ್ತಿದ್ದ. ಕೆಳಗೆ ಅಮ್ಮಿ ಬಕೆಟ್ ಹಿಡಿದು ನಿಂತಿದ್ದಳು. "ನೀರು ಕುಡಸು, ನೀರು ಕುಡಸು, ಇಲ್ಲಂದ್ರ ಸಂಜಿತನಾ ಬಿಡಂಗಿಲ್ಲ," ಎಂದು ತಂಬಿಗೆ ತುಂಬಿ ತುಂಬಿ ಕೊಡುತ್ತಿದ್ದಳು. ನಾನೂ ಸೀರೆ ಎತ್ತಿ ಕಟ್ಟಿ ಸಟ್ಟುಗ ಹಿಡಿದುಕೊಂಡೆ. ತಮ್ಮನ ಹೆಂಡತಿ ಕೆಳಗೆ ಬಿದ್ದದ್ದನ್ನು ಬಳಿಯುತ್ತಿದ್ದಳು. ಎಡಗಡೆಯ ರೊಟ್ಟಿಯಿಂದ ಶುರು ಮಾಡಿದೆವು. ಬಿಳಿ, ಅದರ ಕೆಳಗೆ ನೀಲಿಬಿಳಿ, ಅದರ ಕೆಳಗೆ ನನ್ನ ಮದುವೆಯ ವರ್ಷದ ಪಿಸ್ತಾ ಹಸಿರು, ಮತ್ತೆ ಬಿಳಿ. ನಮ್ಮ ಅಜ್ಜಿಯರು ಎಷ್ಟು ಬಳಿದಿದ್ದರಪ್ಪಾ! ಕೈ ಬೊಬ್ಬೆ ಎದ್ದಿತು. ಹೊತ್ತು ಇಳಿಯುತ್ತಿತ್ತು.

ಕೊನೆಗೆ ಸುಣ್ಣದ ಅಂಚಿನಿಂದ ಒಂದು ಎಸಳು ಕಂಡಿತು. ಆಮೇಲೆ ಇನ್ನೊಂದು. ಅಮ್ಮಿ "ಯಾ ಅಲ್ಲಾ" ಎಂದು ನೆಲಕ್ಕೆ ಕೂತೇ ಬಿಟ್ಟಳು. ಎಸಳಿನೊಳಗೆ ಎಸಳು, ನಡುವೆ ಬಳ್ಳಿ, ಬಳ್ಳಿಗೆ ಸಣ್ಣ ಸಣ್ಣ ಎಲೆ. ಇಷ್ಟು ಚೆಂದದ ಹೂವಿನ ಕೆಳಗೆ ನಾನು ಜೋಳದ ಹಿಟ್ಟು ಜರಡಿ ಹಿಡಿದಿದ್ದೆ. ತಮ್ಮ ಅಳುತ್ತಲೇ ನಗುತ್ತಿದ್ದ. ನಾನು ಫೋಟೊ ತೆಗೆಯಲು ಸೆರಗಿಗೆ ಕೈ ಒರೆಸಿಕೊಂಡೆ.

ಅಷ್ಟರಲ್ಲಿ ಹೂವು ಜಾರಿತು. ಸುಣ್ಣದ ಜೊತೆ ಹೂವಿನ ಗಚ್ಚೂ ನೀರು ಕುಡಿದು ಮೆತ್ತಗಾಗಿತ್ತು. ಇಡೀ ಹೂವು ಗೋಡೆ ಬಿಟ್ಟು ತಮ್ಮನ ಎದೆಯ ಮೇಲೆ ಬಿದ್ದು, ಅಲ್ಲಿಂದ ನೆಲಕ್ಕೆ ಬಿದ್ದು ರಾಡಿಯಾಯಿತು. ಅವನು ಎರಡೂ ಕೈಯಿಂದ ಹಿಡಿಯಲು ನೋಡಿದ. ಬೆರಳ ಸಂದಿಯಲ್ಲಿ ಬರೀ ಕೆಸರು ಉಳಿಯಿತು.

ಸಾಹೇಬರು ಹೇಳಿದ ಹೊತ್ತಿಗೆ ಬಂದರು. ನೆಲದ ರಾಶಿ ನೋಡಿದರು, ತಮ್ಮನ ಅಂಗಿ ನೋಡಿದರು. ಕೆಟ್ಟ ಮನುಷ್ಯರಲ್ಲ. "ಬಲಕ್ಕಿಂದು ಇನ್ನಾ ಅದಲ್ರಿ? ಅದನ್ನ ಕೆರದು ತೋರಸ್ರಿ. ನಾ ನಿಂದರ್ತೀನಿ," ಎಂದರು.

ತಮ್ಮ ಸಟ್ಟುಗ ಎತ್ತಿಕೊಂಡು ಸ್ಟೂಲು ಹತ್ತಿದ. ಸಟ್ಟುಗ ಗೋಡೆಯ ಹತ್ತಿರ ಹೋಯಿತು, ಹಿಂದಕ್ಕೆ ಬಂತು. "ಆಗಂಗಿಲ್ರಿ. ಇದೂ ಬೀಳ್ತದ," ಎಂದ. ಅಮ್ಮಿಯೂ ಬೇಡ ಬೇಡ ಎಂದು ಕೈಯಾಡಿಸಿದಳು.

"ಹಂಗಂದ್ರ ಅದರಾಗ ಏನಿಲ್ಲ ಅಂತ ನಿಮಗೂ ಗೊತ್ತದ ಅಂದಂಗಾತು," ಎಂದರು ಸಾಹೇಬರು.

"ಅದ ರೀ!" ನಾನು ಓಣಿಗೆಲ್ಲ ಕೇಳುವಂತೆ ಕಿರುಚಿದೆ. "ಕಣ್ಣಾರೆ ನೋಡೀವಿ! ಎಡಕ್ಕಿದ್ದದ್ದು ಬಲಕ್ಕಿರಂಗಿಲ್ಲೇನ್ರಿ?"

"ನೋಡಿದವ್ರು ನೀವು ಅಕ್ಕಾರ. ಬರಿಯವ ನಾ," ಎಂದು ಮೆಲ್ಲಗೆ ಹೇಳಿ ಹೊರಟುಹೋದರು.

ಸೋಮವಾರ ಕೆಡವುವ ಯಂತ್ರ ಬಂತು. ಸಾಮಾನು ಹೊರಗಿಟ್ಟು ಓಣಿಯ ಆಚೆ ನಿಂತಿದ್ದೆವು. ಯಂತ್ರ ಹೊರಗಿನಿಂದ ಒಂದು ಏಟು ಕೊಟ್ಟಿತು, ಇನ್ನೊಂದು ಕೊಟ್ಟಿತು. ಗುಮ್ಮಟ ಬಾಯಿಬಿಟ್ಟು ಒಳಗಿನ ಗೋಡೆ ಬಿಸಿಲಿಗೆ ಬಂತು. ಮೂರನೆಯ ಏಟಿಗೆ ಬಲಗಡೆಯ ಒಣ ಸುಣ್ಣ ಸಿಡಿದು, ಮುಚ್ಚಳ ಕಳಚಿದ ಹಾಗೆ ಒಂದೇ ಸಲಕ್ಕೆ ಉದುರಿತು. ಒಳಗೆ ಹೂವು ಇಡಿಯಾಗಿತ್ತು. ಒಂದು ಎಸಳೂ ಮುಕ್ಕಾಗಿರಲಿಲ್ಲ. ಓಣಿಯವರೆಲ್ಲ ನೋಡಿದರು. ಯಂತ್ರದ ಜೊತೆ ಬಂದಿದ್ದ ಸಾಹೇಬರೂ ನೋಡಿದರು. "ಏ ತಡಿ, ತಡಿಯೋ!" ಎಂದು ಕೈಯೆತ್ತಿ ಓಡಿದರು. ಆದರೆ ಹೂವು ಹೊತ್ತ ಗೋಡೆ ಆಗಲೇ ವಾಲಿತ್ತು.

ತಮ್ಮ ಹೆಂಡತಿಯೊಂದಿಗೆ ನೆಹರು ಗಂಜ್ ಹಿಂದೆ ಬಾಡಿಗೆ ಖೋಲಿ ಹಿಡಿದಿದ್ದಾನೆ. ಅದರಲ್ಲಿ ಮೂವರಿಗೆ ಜಾಗವಿಲ್ಲ, ಅಮ್ಮಿಯನ್ನು ನಾನು ಕಮಲಾಪುರಕ್ಕೆ ಕರೆತಂದೆ. ಇಲ್ಲಿ ಎಲ್ಲರೂ ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅವಳು ಉಣ್ಣುತ್ತ ಉಣ್ಣುತ್ತ ಕೈ ನಿಲ್ಲಿಸುತ್ತಾಳೆ.

"ನೀರು ಹಾಕಲಾರದ ಕೆರದಿದ್ರ ಸುಣ್ಣಷ್ಟೇ ಬರ್ತಿತ್ತಲ್ಲಾ ಬೇಟಾ?"

"ಇಲ್ಲ ಅಮ್ಮಿ, ಬರ್ತಿರಲಿಲ್ಲ," ಎನ್ನುತ್ತೇನೆ. ಅವಳು ತಲೆಯಾಡಿಸಿ ಮತ್ತೆ ತುತ್ತು ಎತ್ತುತ್ತಾಳೆ. ಬರುತ್ತಿತ್ತು ಎಂದು ಇಬ್ಬರಿಗೂ ಗೊತ್ತಿದೆ.